ಕಾರ್ಡು ಅದೆ, ಮಾತ್ರೆಗೆ ಕಾಸಿಲ್ಲ

ಸರ್ಕಾರದ ಯೋಜನೆಗಳನ್ನೂ ಕಾವ್ಯವನ್ನು ಓದುವ ಹಾಗೆ ಓದಬೇಕು ಎಂಬುದು ನಮ್ಮ ವಾದ. ಅವುಗಳಲ್ಲೂ ಅಲಂಕಾರವಿದೆ, ಧ್ವನಿಯಿದೆ, ಬೇಕೆಂದೇ ಬಿಟ್ಟ ಮಾತೂ ಇದೆ. ಯಶಸ್ವಿನಿ, ಆರೋಗ್ಯಶ್ರೀ, ಆಯುಷ್ಮಾನ್ ಎಂಬ ಮೂರು ಹೆಸರೂ ಅಗ್ರಹಾರದ ಜಗಲಿಯಿಂದ ಎಸೆದ ಅಕ್ಷತೆಯಂತಿವೆ. ಚಿಕ್ಕರಸಿನಕೆರೆಯ ಕಡೆ ಕೇರಿಯಲ್ಲಿ ಕೂತು ಕೇಳಿದರೆ ಮಾತು ಬೇರೆ. "ಕಾರ್ಡೇನೋ ಅದೆ ಕನಪ್ಪಾ, ಮಾತ್ರೆಗೆ ಕಾಸಿಲ್ಲ" ಅಂದಳು ಒಬ್ಬ ಅವ್ವ. ಈ ಒಂದು ಸಾಲಿಗಿಂತ ಮೇಲಾದ ವಿಮರ್ಶೆಯನ್ನು ನಾವು ಬರೆಯಲಾರೆವು. ಅದನ್ನು ಬಿಡಿಸಿ ನೋಡಬಹುದು, ಅಷ್ಟೆ.

2003ರಲ್ಲಿ ಯಶಸ್ವಿನಿ ಶುರುವಾದಾಗ ತಿಂಗಳಿಗೆ 5 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆ ಉಚಿತ ಎಂದರು. ಒಳ್ಳೆಯ ಮಾತು. ಆದರೆ ಸಹಕಾರಿಗಳಿಗೆ ಮಾತ್ರ. ಸಹಕಾರ ಸಂಘದ ಒಳಗೆ ಯಾರಿದ್ದರು? ಕಬ್ಬು ಬೆಳೆಯುವ ಗದ್ದೆಯುಳ್ಳವರು, ಡೈರಿಗೆ ಹಾಲು ಹಾಕುವ ಹಸುವುಳ್ಳವರು. ಗದ್ದೆಯೂ ಇಲ್ಲದ, ಹಸುವೂ ಇಲ್ಲದ ಕಬ್ಬು ಕಡಿಯುವವನಿಗೆ ಆ 5 ರೂಪಾಯಿ ಕಟ್ಟುವ ಬಾಗಿಲೇ ಇರಲಿಲ್ಲ. 2018ರಲ್ಲಿ ಅದನ್ನು ನಿಲ್ಲಿಸಿ ಆರೋಗ್ಯ ಕರ್ನಾಟಕದಲ್ಲಿ ಕರಗಿಸಿದರು. 2022ರ ಕೊನೆಗೆ ಮತ್ತೆ ಎಬ್ಬಿಸಿದರು. ಈ ಸಲ ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ ಎಂದರು. ವಂತಿಗೆ ಮನ್ನಾ ಆದ ಮಾತ್ರಕ್ಕೆ ಸದಸ್ಯತ್ವ ಬರುತ್ತದೆಯೇ?

ನಾವು ಕುರುಡು ವಿರೋಧಿಗಳಲ್ಲ. 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಹೊರಟ ವಾಜಪೇಯಿ ಆರೋಗ್ಯಶ್ರೀ ಬಡವರ ಹೃದ್ರೋಗ, ಕ್ಯಾನ್ಸರಿಗೆ 1.5 ಲಕ್ಷದವರೆಗೆ ಕೊಟ್ಟಿತು. ಯೋಜನೆ ಇದ್ದ 300 ಹಳ್ಳಿಗಳನ್ನು ಇಲ್ಲದ 272 ಹಳ್ಳಿಗಳ ಪಕ್ಕ ಇಟ್ಟು ನೋಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡವರು ಸಾಯುವುದು ಅಲ್ಲಿ ಶೇಕಡ 64ರಷ್ಟು ಕಡಿಮೆ ಇತ್ತು. ಇದು ಸಣ್ಣ ಮಾತಲ್ಲ. ಯೋಜನೆಯಿಲ್ಲದೆ ಎಷ್ಟು ಜನ ಸುಮ್ಮನೆ ಸತ್ತಿದ್ದಾರೆ ಎಂಬುದಕ್ಕೂ ಇದೇ ಸಾಕ್ಷಿ.

2018ರ ಅಕ್ಟೋಬರಿನಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಮೊತ್ತ ಬೆಳೆಯಿತು. ಆದರೆ ತುರ್ತು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಯಾವುದು ತುರ್ತು ಎಂದು ತೀರ್ಮಾನಿಸುವವನು ನೋವು ತಿನ್ನುವವನಲ್ಲ. ಚೀಟಿಗಾಗಿ ಮದ್ದೂರು, ಮಂಡ್ಯ ಎಂದು ಅಲೆದರೆ ಕಾಯಿಲೆಯವನ ಕೂಲಿಯೂ ಹೋಯಿತು, ಜೊತೆಗೆ ಬಂದವಳ ಕೂಲಿಯೂ ಹೋಯಿತು. ಕಾಲಭೈರವೇಶ್ವರನ ಬಸಪ್ಪನ ಮುಂದೆ ಕೈಮುಗಿದು ನಿಲ್ಲುವ ಜನರನ್ನು ಮೂಢರು ಎನ್ನುವ ನಮ್ಮ ವಿಚಾರವಾದಿ ಗೆಳೆಯರು ಇದನ್ನೂ ಗಮನಿಸಲಿ: ಬಸಪ್ಪ ರೆಫರಲ್ ಚೀಟಿ ಕೇಳುವುದಿಲ್ಲ.

ಇನ್ನು ಮಾತ್ರೆಯ ಮಾತು. ಸಕ್ಕರೆ ನಾಡಿನಲ್ಲಿ ಸಕ್ಕರೆ ಕಾಯಿಲೆ ಕೇರಿಗೂ ಬಂದಿದೆ. ಅದಕ್ಕೆ ದಿನವೂ ಮಾತ್ರೆ, ಆಗಾಗ್ಗೆ ರಕ್ತಪರೀಕ್ಷೆ ಬೇಕು. ಈ ವಿಮೆ ಹಾಸಿಗೆ ಹಿಡಿದು ದಾಖಲಾದವರಿಗೆ. ಹೊರರೋಗಿಯ ಚೀಟಿ, ಅಂಗಡಿಯ ಮಾತ್ರೆ ಅದರ ಲೆಕ್ಕಕ್ಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಇದ್ದ ದಿನ ಸರಿ, ಇಲ್ಲದ ದಿನ ಮೆಡಿಕಲ್ ಶಾಪು. ಅವ್ವ ಮಾತ್ರೆ ಬಿಡುತ್ತಾಳೆ, ಕಾಲು ಕೊಳೆಯುತ್ತದೆ, ಆಗ ಕಾರ್ಡು ಎಚ್ಚರಗೊಳ್ಳುತ್ತದೆ: ಕಾಲು ಕತ್ತರಿಸಲು ದುಡ್ಡುಂಟು. 2025ರ ಸೆಪ್ಟೆಂಬರಿನಲ್ಲಿ ಖಾಸಗಿ ಆರೋಗ್ಯ ವಿಮೆಯ ಮೇಲಿನ ಶೇಕಡ 18 ಜಿಎಸ್‌ಟಿ ತೆಗೆದಾಗ ಪತ್ರಿಕೆಗಳು ಹಿಗ್ಗಿದವು. ಆ ವಿಮೆ ಕಟ್ಟುವವರು ಈ ಕೇರಿಯಲ್ಲಿ ಎಷ್ಟು ಮಂದಿ?

ವಿಮೆ ಎಂದರೆ ಹೀಗೇ ಇರಬೇಕಿಲ್ಲ. ಅಂಬೇಡ್ಕರ್ 1942ರಿಂದ 46ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದಾಗ, 1944ರಲ್ಲಿ, ಅಡಾರ್ಕರ್ ವರದಿ ಬಂತು. ಅದರ ಬೆನ್ನಿಗೆ 1948ರ ಇಎಸ್‌ಐ ಕಾಯ್ದೆ. ಅದರಲ್ಲಿ ಔಷಧವೂ ಇತ್ತು, ಮಲಗಿದ ದಿನಗಳ ಕೂಲಿಯಲ್ಲಿ ಒಂದು ಪಾಲೂ ಇತ್ತು. ಮಾಲೀಕ ತನ್ನ ಭಾಗ ಕಟ್ಟಲೇಬೇಕಿತ್ತು. ಅಲ್ಲಿ ಕಾರ್ಮಿಕ 'ಫಲಾನುಭವಿ' ಅಲ್ಲ, ಹಕ್ಕುದಾರ. ಆದರೆ ಅದೇ ಕಾಯ್ದೆ ಋತುಮಾನದ ಕಾರ್ಖಾನೆಗಳನ್ನು ಹೊರಗಿಟ್ಟಿತು. ಸಕ್ಕರೆಯನ್ನು ಹೆಸರಿಸಿ, ಜೊತೆಗೆ ಬೆಲ್ಲವನ್ನೂ ಹೆಸರಿಸಿ. ಅಂದರೆ ಆಲೆಮನೆಯಲ್ಲಿ ಕೊಪ್ಪರಿಗೆಯ ಬಿಸಿಗೆ ಮೈ ಒಡ್ಡುವವನು, ಗಾಣಕ್ಕೆ ಕಬ್ಬು ಕೊಡುವವನು, ಕಾನೂನಿನ ಕಣ್ಣಿನಲ್ಲಿ ಋತುಮಾನದ ಮನುಷ್ಯ. ಗಾಣಕ್ಕೆ ಸಿಕ್ಕ ಬೆರಳು ಮುಂದಿನ ಋತುವಿಗೆ ಚಿಗುರುವುದಿಲ್ಲ ಎಂಬುದು ಆ ಕಾಯ್ದೆ ಬರೆದವರಿಗೆ ಹೊಳೆಯಲಿಲ್ಲವೇ?

ಈ ಪತ್ರಿಕೆ ಓದುವ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ನಿಮ್ಮೂರಿನ ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ಕೇಳಿ ಪಡೆಯಿರಿ. ಒಂದು ಸಂಜೆ ಕೇರಿಯ ಅರಳಿಕಟ್ಟೆಯ ಹತ್ತಿರ ನಿಂತು ಗಟ್ಟಿಯಾಗಿ ಓದಿ. ಎಷ್ಟು ಜನ "ಅದು ನಾನೇ" ಎನ್ನುತ್ತಾರೋ ಎಣಿಸಿ ನಮಗೆ ಬರೆಯಿರಿ.