ಗಡಿನಾಡ ಕನ್ನಡದ ವರ್ಗೀಕರಣ: ಕೆಲವು ಆಕ್ಷೇಪಗಳು

ಗಡಿನಾಡ ಕನ್ನಡವನ್ನು ಕುರಿತ ನಮ್ಮ ಪ್ರಬಂಧಗಳಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಊರೂರು ತಿರುಗಿ, ಹಿರಿಯರ ಜಗಲಿಯ ಮೇಲೆ ಕೂತು, ಮಾತು ಬರೆದುಕೊಂಡು ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ತೊಡಕು ಶುರುವಾಗುವುದು ಆಮೇಲೆ, ಕಲೆಹಾಕಿದ್ದನ್ನು ಗುಂಪು ಮಾಡುವಾಗ. 'ಧ್ವನಿ ವಿಶೇಷ', 'ರೂಪ ವಿಶೇಷ', 'ನೆರೆಭಾಷೆಯ ಪ್ರಭಾವ' ಎಂಬ ಮೂರು ತಲೆಬರಹಗಳು ಮೊದಲೇ ಸಿದ್ಧವಾಗಿರುತ್ತವೆ. ಸಿಕ್ಕಿದ್ದನ್ನು ಅವುಗಳಲ್ಲಿ ತುಂಬುವುದಷ್ಟೇ ಉಳಿದ ಕೆಲಸ. ಈ ತುಂಬುವ ಕೆಲಸಕ್ಕೇ ನಾವು ವರ್ಗೀಕರಣ ಅಂತ ಹೆಸರಿಟ್ಟಿದ್ದೇವೆ. ನನ್ನ ಆಕ್ಷೇಪ ಇರುವುದು ಇಲ್ಲಿ.

ಮೊದಲು 'ಗಡಿ ಕನ್ನಡ' ಎಂಬ ಗುಂಪನ್ನೇ ನೋಡೋಣ. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದಲ್ಲಿತ್ತು. ಗೆರೆ ಎಳೆದ ದಿನ ಯಾರ ನಾಲಗೆಯೂ ಬದಲಾಗಲಿಲ್ಲ. ಕಲಬುರಗಿ ಕಡೆಯ 'ಮನಿ', 'ಕೆರಿ' ಅಕ್ಕಲಕೋಟೆಯಲ್ಲೂ ಇದೆ. ಚಾಮರಾಜನಗರ ಸೀಮೆಯ 'ಆಲು', 'ಓಗು' ತಾಳವಾಡಿಯಲ್ಲೂ ಕಿವಿಗೆ ಬೀಳುತ್ತದೆ. ಅಕ್ಕಲಕೋಟೆಯ ಮಾತಿಗೆ ಕಲಬುರಗಿ ನಂಟೇ ಹೊರತು ತಾಳವಾಡಿಯಲ್ಲ. ಹಾಗಿರುವಾಗ ಎರಡನ್ನೂ ಒಂದೇ ಗುಂಪಿಗೆ ಸೇರಿಸುವುದು ಯಾವ ನ್ಯಾಯ? 'ಗಡಿ' ಎಂಬುದು ಆಡಳಿತದ ವರ್ಗ. ಅಲ್ಲಿನ ಶಾಲೆಯ, ಕಚೇರಿಯ ಕಷ್ಟಗಳನ್ನು ಹೇಳುವುದಕ್ಕೆ ಆ ಮಾತು ಬೇಕು. ಉಪಭಾಷೆಯ ಹೆಸರಾಗುವುದಕ್ಕೆ ಅದು ಸಾಲದು.

ಎರಡನೆಯದು 'ಪ್ರಭಾವ' ಎಂಬ ತಲೆಬರಹ. 'ಪಾವಣೇರು ಬಂದಾರ' ಎಂಬ ಮಾತು ಅಕ್ಕಲಕೋಟೆಯಲ್ಲಿ ಸಿಕ್ಕರೆ ಅದು ಮರಾಠಿ ಪ್ರಭಾವ. ವಿಜಯಪುರದಲ್ಲಿ ಸಿಕ್ಕರೆ ಉತ್ತರ ಕರ್ನಾಟಕದ ಸೊಗಡು! ಶಬ್ದ ಒಂದೇ, ಗೂಡು ಮಾತ್ರ ಬೇರೆ. ಪಠ್ಯಪುಸ್ತಕದಲ್ಲಿ ಕಾಣದ್ದೆಲ್ಲ ಪಕ್ಕದ ಮನೆಯಿಂದ ಬಂದದ್ದು ಎಂಬ ಊಹೆ ಇದರ ಹಿಂದಿದೆ. ಕಾಸರಗೋಡಿನ ಹವ್ಯಕರ ಮಾತಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ 'ನಾವು', ಬಿಟ್ಟರೆ 'ಎಂಗೊ'. ಈ ಭೇದ ತುಳುವಿನಲ್ಲಿದೆ, ಮಲಯಾಳದಲ್ಲೂ ಇದೆ. ಇಷ್ಟರಿಂದಲೇ ಅದನ್ನು ಎರವಲು ಎನ್ನಬಹುದೇ? ತುಳು, ಮಲಯಾಳಗಳ ನೆರೆಯಿಲ್ಲದ ಶಿರಸಿ, ಸಿದ್ದಾಪುರದ ಹವ್ಯಕರ ಮಾತಿನ ಎದುರು ಇಟ್ಟು ನೋಡದೆ ಎರವಲು ಎಂದಾಗಲಿ ಪಿತ್ರಾರ್ಜಿತ ಎಂದಾಗಲಿ ತೀರ್ಪು ಕೊಡಲಾಗದು. ಪ್ರಭಾವ ಎಂಬುದು ಪರೀಕ್ಷೆ ಮುಗಿದ ಮೇಲೆ ಬರೆಯಬೇಕಾದ ಫಲಿತಾಂಶ.

ಮೂರನೆಯದು, ಸಾಮಗ್ರಿಗಿಂತ ದೊಡ್ಡದಾದ ತಲೆಬರಹ. ಇದು ಹಳೆಯ ರೋಗ. ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆಯ ನಾಲ್ಕನೆಯ ಸಂಪುಟ 1906ರಲ್ಲಿ ಬಂತು; ಕನ್ನಡದ ಭಾಗ ಅದರಲ್ಲಿದೆ. ಆದರೆ ಮದ್ರಾಸ್ ಪ್ರಾಂತವೂ ಮೈಸೂರು, ಹೈದರಾಬಾದ್ ಸಂಸ್ಥಾನಗಳೂ ಆ ಸರ್ವೇಕ್ಷಣೆಯ ಹೊರಗೇ ಉಳಿದಿದ್ದವು. ಎಂದರೆ ಕನ್ನಡ ನೆಲದ ಬಹುಪಾಲನ್ನು ಬಿಟ್ಟು ಕನ್ನಡದ ಉಪಭಾಷೆಗಳ ಲೆಕ್ಕ ನಡೆಯಿತು. ಇದಕ್ಕೆ ಎದುರಾಗಿ ಯು. ಪಿ. ಉಪಾಧ್ಯಾಯರ 1976ರ ತೌಲನಿಕ ಅಧ್ಯಯನವನ್ನು ನೋಡಬೇಕು. ಬಳ್ಳಾರಿ, ಗುಲ್ಬರ್ಗ, ಕುಮಟಾ, ನಂಜನಗೂಡು ಎಂದು ತಾವು ಹೋಲಿಸಿದ ನಾಲ್ಕು ಕಡೆಗಳನ್ನು ಅವರು ಶೀರ್ಷಿಕೆಯಲ್ಲೇ ಹೇಳಿಬಿಟ್ಟಿದ್ದಾರೆ. ಆ ಪ್ರಾಮಾಣಿಕತೆ ನಮಗೂ ಬೇಕು. ಜಾತಿಯಿಂದ ಜಾತಿಗೆ ಕನ್ನಡ ಹೇಗೆ ಬೇರೆಯಾಗುತ್ತದೆ ಎಂಬುದನ್ನು ವಿಲಿಯಂ ಬ್ರೈಟ್, ಮೆಕಾರ್ಮಾಕ್ 1960ರಷ್ಟು ಹಿಂದೆಯೇ ತೋರಿಸಿದರು. ಹೀಗಿದ್ದೂ ಒಂದೇ ಸಮುದಾಯದ ಮೂರು ನಾಲ್ಕು ಮಂದಿ ವಕ್ತೃಗಳ ಮಾತು ಬರೆದುಕೊಂಡು ಬಂದು 'ಕಾಸರಗೋಡು ಕನ್ನಡ' ಎಂದು ಹೆಸರಿಟ್ಟರೆ, ಉಳಿದವರೆಲ್ಲ ಮಾತಾಡುವುದೇ ಇಲ್ಲ ಎಂದ ಹಾಗಾಯಿತು.

ನಾಲ್ಕನೆಯದು ಬಡಗ. 2011ರ ಜನಗಣತಿಯಲ್ಲಿ ಕನ್ನಡದ ಒಟ್ಟು ಲೆಕ್ಕ 4,37,06,512. ಅದರೊಳಗೆ ಬಡಗ 1,33,550, ಕುರುಬ/ಕುರುಂಬ 24,189. ಹತ್ತು ಸಾವಿರ ಜನರಾದರೂ ಹೇಳದ ತಾಯ್ನುಡಿಗಳ ಹೆಸರು ಅಲ್ಲಿ ಅಚ್ಚಾಗುವುದೇ ಇಲ್ಲ, ಅವೆಲ್ಲ 'ಇತರ'. ಇದು ಎಣಿಕೆಯ ಅನುಕೂಲಕ್ಕೆ ಮಾಡಿದ ಪಟ್ಟಿ. ಇದನ್ನೇ ಆಧಾರವಾಗಿ ಹಿಡಿದು 'ಬಡಗ ಕನ್ನಡದ ಉಪಭಾಷೆ' ಎಂದು ವಾದಿಸುವುದು ತರವಲ್ಲ. ವಾದಕ್ಕೆ ಬೇರೆ ಸಾಕ್ಷ್ಯವಿದೆ. ಹಳಗನ್ನಡದ 'ಪಾಲ್', 'ಪತ್ತು' ಬಡಗದಲ್ಲಿ 'ಹಾಲು', 'ಹತ್ತು'. ಪಕಾರ ಹಕಾರವಾದದ್ದು ಕನ್ನಡ ಮಾಡಿಕೊಂಡ ಹೊಸ ಬದಲಾವಣೆ. ಅದರಲ್ಲಿ ಬಡಗಕ್ಕೂ ಪಾಲಿದೆ. ಇಬ್ಬರೂ ಹಳೆಯದನ್ನು ಉಳಿಸಿಕೊಂಡಿದ್ದರೆ ಅದು ಹತ್ತಿರದ ನಂಟಿಗೆ ಸಾಕ್ಷಿಯಲ್ಲ. ಕೂಡಿ ಬದಲಾಗಿದ್ದರೆ ಸಾಕ್ಷಿ. ಎಮೆನೋ 1939ರಲ್ಲಿ ವಿವರಿಸಿದ ಬಡಗದ ಮೂರ್ಧನ್ಯ ಸ್ವರಗಳು ಅದರ ಬೇರೆತನವನ್ನು ತೋರಿಸುತ್ತವೆ. ಅದು ಯಾರ ನಂಟ ಎಂಬುದನ್ನು ಹೇಳಲಾರವು. ನಂಟು ಒಂದು ಪ್ರಶ್ನೆ, ಹೆಸರು ಇನ್ನೊಂದು. ಕನ್ನಡಕ್ಕೆ ಹತ್ತಿರದ ನುಡಿ ಎಂದು ನಾವು ಸಾಧಿಸಬಹುದು. ನಮ್ಮದು ಬೇರೆ ಭಾಷೆ ಎಂದು ನೀಲಗಿರಿಯ ಬಡಗರು ಅಂದರೆ ಆ ಮಾತನ್ನು ತಿದ್ದುವ ಅಧಿಕಾರ ನಮಗಿಲ್ಲ.

ಇದೆಲ್ಲ ಪಂಡಿತರ ಚರ್ಚೆ ಅಂತ ತಳ್ಳಿಹಾಕುವಂತಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಜತ್ತದ ಮಗುವಿನ ಮಾತನ್ನು 'ಮರಾಠಿಮಿಶ್ರಿತ', ಮಡಕಶಿರದ ಮಗುವಿನ ಮಾತನ್ನು 'ತೆಲುಗುಮಿಶ್ರಿತ' ಎಂದು ನಾವೇ ಅಚ್ಚು ಹಾಕಿಸಿದರೆ, 'ಹಂಗಾದ್ರೆ ಕನ್ನಡ ಶಾಲೆ ಯಾತಕ್ಕ?' ಎಂದು ಕೇಳುವವರ ಕೈಗೆ ಕೋಲು ಕೊಟ್ಟಂತೆ. ಆ ಮಗು ದೊಡ್ಡದಾಗಿ ನಮ್ಮ ಸಂಪುಟ ಓದಿದರೆ ತನ್ನ ಅವ್ವನ ಮಾತು ಕಲಬೆರಕೆ ಎಂದೇ ತಿಳಿದೀತು.

ಆದ್ದರಿಂದ ನನ್ನ ಸೂಚನೆಗಳು ಇಷ್ಟೇ. ಒಂದು ರೂಪ ಸಿಕ್ಕಾಗ ಊರು, ಸಮುದಾಯ, ವಯಸ್ಸುಗಳೊಂದಿಗೆ ಅದನ್ನು ದಾಖಲಿಸಬೇಕು. ಗೆರೆಯ ಆಚೆ ಈಚೆ ಎರಡೂ ಕಡೆ ಅದನ್ನು ಹುಡುಕಬೇಕು. ಹಳೆಯದು, ಹೊಸತು, ಎರವಲು ಎಂದು ಬೇರ್ಪಡಿಸುವಾಗ ಪ್ರತಿಯೊಂದಕ್ಕೂ ಕಾರಣ ಕೊಡಬೇಕು. ಯಾವ ಗುಂಪಿಗೂ ಸೇರದೆ ಉಳಿದದ್ದನ್ನು ಉಳಿದದ್ದೆಂದೇ ಅಚ್ಚು ಮಾಡಬೇಕು. ಮುಂದೆ ಬರುವವರು ಕೆಲಸ ಶುರು ಮಾಡಬೇಕಾದದ್ದು ಅಲ್ಲಿಂದಲೇ.