ಕಬ್ಬಿನ ಬಟವಾಡೆ, ಕೋಡಿನ ಗೀಳು

ಮಂಡ್ಯದ ಕಡೆ ಕಬ್ಬು ಹಾಕಿದವರು ಕಟಾವಿಗೆ ವರ್ಷ ಕಾಯಬೇಕು, ಬಟವಾಡೆಗೆ ಬೇರೆ ಕಾಯಬೇಕು. ಅಂಥ ಮನೆಯ ಹುಡುಗ 1962ರಲ್ಲಿ ಶುರುವಾದ ಇಲ್ಲಿನ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೀಟು ಹಿಡಿದನೆಂದರೆ, ಅವನ ಕಣ್ಣ ಮುಂದಿರುವುದು ತಿಂಗಳು ತಿಂಗಳು ತಪ್ಪದೆ ಬೀಳುವ ಸಂಬಳ. ‘ಪ್ರೋಗ್ರಾಮಿಂಗ್ ಮೇಲೆ ಪ್ರೀತಿ ಇದೆಯೇನಪ್ಪಾ?’ ಎಂದು ಅವನನ್ನು ಕೇಳುವುದು ಹೊಟ್ಟೆ ತುಂಬಿದವರ ಮಾತು. ದುಡ್ಡಿಗಾಗಿ ಕೋಡ್ ಬರೆಯುವವರನ್ನು ಹಗುರವಾಗಿ ಕಾಣುವ ರಸಿಕರ ಸಾಲಿಗೆ ನಾನಂತೂ ಸೇರುವವನಲ್ಲ.

ಆದರೂ ಗೀಳಿನಿಂದ ಹುಟ್ಟಿದ ಕೆಲಸದ ರುಚಿಯೇ ಬೇರೆ. ಮಳವಳ್ಳಿಯಲ್ಲೋ ಮದ್ದೂರಿನಲ್ಲೋ ತಾಲ್ಲೂಕು ಕಚೇರಿ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಅರ್ಜಿ ಟೈಪ್ ಮಾಡುವವರ ಬೆರಳು ನೋಡಿ. ‘ಮದ್ದೂರು’ ಬೇಕೆಂದರೆ ಎಂ, ಡಿ, ಎಫ್, ಡಿ, ಶಿಫ್ಟ್ ಹಿಡಿದು ಯು, ಆಮೇಲೆ ಆರ್, ಯು. ನಡುವಿನ ಆ ಎಫ್ ಇದೆಯಲ್ಲ, ಸೊಗಸೆಲ್ಲ ಅದರಲ್ಲೇ: ಹಿಂದಿನ ದಕಾರದ ಸ್ವರ ಕಿತ್ತು, ಮುಂದಿನದನ್ನು ಒತ್ತಾಗಿಸುತ್ತದೆ. ಒತ್ತಕ್ಷರಗಳಿಗೆಂದು ಬೇರೆ ಕೀಲಿಯೇ ಬೇಡ. ಹಳೆಯ ಟೈಪ್‌ರೈಟರಿನಲ್ಲಿ ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಕೂಡಿಸಬೇಕಿತ್ತು. ಇಲ್ಲಿ ಉಚ್ಚಾರ ಹೇಳಿದರಾಯಿತು, ಆಕಾರದ ಚಿಂತೆ ಯಂತ್ರದ್ದು. ಈ ಕೀಲಿಮಣೆಯ ಮೂಲ ವಿನ್ಯಾಸ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಪುಕ್ಕಟೆ ಕೊಟ್ಟರು. ಸಣ್ಣಪುಟ್ಟ ಬದಲಾವಣೆಯೊಂದಿಗೆ ಸರ್ಕಾರ ಅದನ್ನೇ ಒಪ್ಪಿಕೊಂಡಿತು. ಡಿಟಿಪಿಯವರು ಪುಟಕ್ಕಿಷ್ಟು ಎಂದು ಪಡೆಯುವ ದುಡ್ಡಿನಲ್ಲಿ ರಾವ್ ಅವರಿಗೆ ಬಿಡಿಗಾಸೂ ಹೋಗುವುದಿಲ್ಲ.

ಗೀಳನ್ನು ಹೊಗಳುವವರು ಇಲ್ಲೊಂದು ಮಾತು ನುಂಗಿಬಿಡುತ್ತಾರೆ. ರಾವ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನೌಕರಿ ಮಾಡಿದವರು. ಶೇಷಾದ್ರಿವಾಸು 1998ರಲ್ಲಿ ತಂದ ಕನ್ನಡ ತಂತ್ರಾಂಶ ‘ಬರಹ’ ವರ್ಷಗಟ್ಟಲೆ ಉಚಿತವಾಗಿತ್ತು, ಆಮೇಲೆ ಬೆಲೆ ಬಂತು. ಅದರಲ್ಲಿ ತಪ್ಪೇನೂ ಕಾಣೆ. 1991ರಲ್ಲಿ ಹವ್ಯಾಸವೆಂದು ಲಿನಕ್ಸ್ ಶುರುಮಾಡಿದ ಟೋರ್ವಾಲ್ಡ್ಸ್ ಈಗ ಅದೇ ಕೆಲಸಕ್ಕೆ ಸಂಬಳ ಎಣಿಸುತ್ತಾರೆ. ಅನ್ನದ ದಾರಿ ಒಂದಿದ್ದರೆ ಗೀಳಿಗೂ ಆಯುಸ್ಸು.

ಹಾಗಾಗಿ ನಮ್ಮ ಹುಡುಗ ಸಂಬಳಕ್ಕೆಂದೇ ಹೋಗಲಿ, ಸಾಲ ತೀರಿಸಲಿ. ಗೀಳು ಹತ್ತುತ್ತದೋ ಇಲ್ಲವೋ ನೋಡಲು ಅದೇ ‘ಅರ್ಜಿ’ ಪದ ಸಾಕು. ಹಳೆಯ ನುಡಿ ಕಡತದೊಳಗೆ ಅರ್ಕಾವತ್ತು ‘ಜಿ’ಯ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಈ ಹಿಂದುಮುಂದು ಸರಿಪಡಿಸುವ ಪರಿವರ್ತಕಗಳನ್ನು ಕೆಲವರು ಬರೆದು, ಮೂಲ ಕೋಡ್ ಸಮೇತ ಎಲ್ಲರಿಗೂ ಬಿಟ್ಟಿದ್ದಾರೆ. ತೆರೆದು ಓದಲು ಯಾರ ಅಪ್ಪಣೆಯೂ ಬೇಡ, ಪರೀಕ್ಷೆಯಲ್ಲಿ ಅಂಕವೂ ಇಲ್ಲ.