ತಪ್ಪು-ಒಪ್ಪುಗಳ ಪಟ್ಟಿಯೂ ಬಳ್ಳಾರಿ ಸೀಮೆಯ ವಿದ್ಯಾರ್ಥಿಗಳ ಬರೆವಣಿಗೆಯೂ

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಶಕವರ್ಷ’ವೆಂದಿರಬೇಕಾದೆಡೆ ‘ಸಕವರ್ಷ’ವೆಂದು ಪದೇ ಪದೇ ಕಂಡುಬರುತ್ತದೆ. ಅದನ್ನು ಓದುವ ವಿದ್ವಾಂಸರು ಕಂಡರಣೆಕಾರನ ಮೇಲೆ ಕೋಪಗೊಳ್ಳುವುದಿಲ್ಲ. ಶಕಾರವು ಜನರ ನಾಲಗೆಯ ಮೇಲೆ ಸಕಾರವಾಗಿ ಹೊರಳುತ್ತಿತ್ತೆಂಬುದಕ್ಕೆ ಪ್ರಮಾಣ ದೊರೆಯಿತೆಂದು ಗುರುತುಮಾಡಿಕೊಂಡು ಮುಂದುವರಿಯುತ್ತಾರೆ. ಅದೇ ಸೀಮೆಯ ಹುಡುಗನೊಬ್ಬನು ಇಂದು ‘ಶಾಲೆ’ಗೆ ‘ಸಾಲೆ’ಯೆಂದು ಬರೆದರೆ ಆ ಅಕ್ಷರದ ಕೆಳಗೆ ಕೆಂಪು ಗೆರೆಯೊಂದು ಬೀಳುತ್ತದೆ, ಅಂಕವೊಂದು ಕಳೆಯುತ್ತದೆ, ವಿಚಾರ ಅಲ್ಲಿಗೆ ಮುಗಿಯುತ್ತದೆ. ಕಲ್ಲಿನ ಮೇಲಿನ ತಪ್ಪು ಭಾಷಾಶಾಸ್ತ್ರಕ್ಕೆ ಸಾಕ್ಷಿ, ಕಾಗದದ ಮೇಲಿನ ತಪ್ಪು ಬರಿಯ ದೋಷ ಎಂಬ ಈ ಭೇದಕ್ಕೆ ಆಧಾರವೇನೆಂಬುದು ವಿಚಾರಣೀಯವಾಗಿದೆ.

ಬರೆವಣಿಗೆಯನ್ನು ತಿದ್ದುವುದಕ್ಕೆ ಪಾಠಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸಾಧನವೆಂದರೆ ವ್ಯಾಕರಣದ ಕೈಪಿಡಿಗಳ ಕೊನೆಯಲ್ಲಿ ಬರುವ ‘ತಪ್ಪು-ಒಪ್ಪು’ಗಳ ಪಟ್ಟಿ. ಎಡಗಡೆ ಒಂದು ಸಾಲು, ಬಲಗಡೆ ಒಂದು ಸಾಲು, ನಡುವೆ ಕಾರಣವಿಲ್ಲ. ಹುಟ್ಟಿನಲ್ಲಿಯೇ ಭಿನ್ನವಾದ ದೋಷಗಳನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುವುದು ಈ ಪಟ್ಟಿಯ ಮುಖ್ಯವಾದ ಕೊರತೆ. ಪಟ್ಟಿಯೇ ಹೇಯವೆಂದಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ರಳವುಳ್ಳ ಶಬ್ದಗಳ ಪಟ್ಟಿಯೊಂದನ್ನು ಕೊಟ್ಟನು. ಆ ಧ್ವನಿ ನಾಲಗೆಯಿಂದ ಜಾರುತ್ತಿದ್ದ ಕಾಲವದು. ಆದರೆ ರಳ, ಕುಳ, ಕ್ಷಳಗಳ ಭೇದವನ್ನು ಆತನು ಲಕ್ಷಣ ಹೇಳಿ ವಿವೇಚಿಸಿದನು. ಕೈಪಿಡಿಗಳು ಆತನ ಪಟ್ಟಿಯನ್ನು ಉಳಿಸಿಕೊಂಡು ವಿವೇಚನೆಯನ್ನು ಕೈಬಿಟ್ಟವು.

ಸಿರುಗುಪ್ಪದ ನಿದರ್ಶನವನ್ನೇ ತೆಗೆದುಕೊಳ್ಳಬಹುದು. ತುಂಗಭದ್ರೆಯ ನೀರುಂಡು ನೆಲ್ಲು ಬೆಳೆಯುವ ಆ ತಾಲ್ಲೂಕಿನ ಹುಡುಗನು ‘ಬತ್ತ’ವೆಂದು ಬರೆದರೆ ಉಪಾಧ್ಯಾಯರು ‘ಭತ್ತ’ವೆಂದು ತಿದ್ದುತ್ತಾರೆ. ಸಂಸ್ಕೃತದ ‘ಭಕ್ತ’ ಶಬ್ದದಿಂದ ಬಂದ ತದ್ಭವದಲ್ಲಿ ಮಹಾಪ್ರಾಣವು ಅಲ್ಪಪ್ರಾಣವಾಗುವುದು ಕನ್ನಡದ ಸಹಜ ಕ್ರಮ. ಆದುದರಿಂದ ‘ಬತ್ತ’ವು ಅಶುದ್ಧವಲ್ಲ. ಅಲ್ಲಿ ತಪ್ಪಿದವನು ಹುಡುಗನಲ್ಲ. ಆ ಊರಿನ ಹೆಸರೂ ಸಿರುಗುಪ್ಪ, ಸಿರಗುಪ್ಪ, ಶಿರುಗುಪ್ಪ ಎಂದು ನಾನಾ ರೂಪಗಳಲ್ಲಿ ಕಾಣುತ್ತದೆ. ‘ಸಿರಿಯ ಗುಪ್ಪೆ’ಯೆಂದು ಜನರು ಹೇಳುವ ನಿರುಕ್ತಿ ನಿಜವಾಗಲಿ ಬಿಡಲಿ, ಮೂರನೆಯ ರೂಪದ ಶಕಾರವು ಅಜ್ಞಾನದಿಂದ ಬಂದುದಲ್ಲ, ಅಂಜಿಕೆಯಿಂದ ಬಂದುದು. ಸಕಾರವೆಲ್ಲವೂ ಗ್ರಾಮ್ಯವೆಂದು ಹೆದರಿದ ಕೈ, ಬೇಡದೆಡೆಯಲ್ಲಿಯೂ ಶಕಾರವನ್ನು ತಂದಿಡುತ್ತದೆ.

ಈ ಅಂಜಿಕೆಯ ಸಂತಾನ ದೊಡ್ಡದು. ‘ವಿಧ್ಯಾರ್ಥಿ’, ‘ಅಭಿನಂಧನೆ’, ‘ಆಢಂಬರ’ ಮೊದಲಾದ ರೂಪಗಳನ್ನು ಯಾರ ನಾಲಗೆಯೂ ನುಡಿಯುವುದಿಲ್ಲ. ಮಾತಿನಲ್ಲಿ ಮಹಾಪ್ರಾಣವೇ ವಿರಳವಾಗಿರುವಾಗ ಇವು ಮಾತಿನಿಂದ ಬರೆಹಕ್ಕೆ ಇಳಿದುವೆಂದು ಹೇಳುವಂತಿಲ್ಲ. ‘ಬಾರತ’ವೆಂದು ಬರೆದು ಪೆಟ್ಟುತಿಂದವನು ಮರುದಿನ ‘ವಿಧ್ಯೆ’ಯೆಂದು ಬರೆಯುತ್ತಾನೆ. ಮೊದಲನೆಯದು ಮನೆಯ ಮಾತಿನ ತಪ್ಪು. ಎರಡನೆಯದು ತಿದ್ದುವಿಕೆಯೇ ಹೆತ್ತ ತಪ್ಪು. ಇವೆರಡಕ್ಕೂ ಒಂದೇ ಮದ್ದು ಕೊಟ್ಟರೆ ಎರಡನೆಯದು ಬೆಳೆಯುತ್ತದೆಯೇ ಹೊರತು ಕಡಮೆಯಾಗದು. ‘ದನ-ಧನ’, ‘ಮದ್ಯ-ಮಧ್ಯ’ಗಳಂತೆ ಅರ್ಥ ಕೆಡುವ ಜೋಡಿಗಳನ್ನು ಮೊದಲು ಗಟ್ಟಿಮಾಡಿಸಿ, ಉಳಿದುವನ್ನು ಓದಿನ ಅಭ್ಯಾಸಕ್ಕೆ ಬಿಡುವುದು ಮೇಲು.

ಬಳ್ಳಾರಿ ನಗರದ ಸಂಗತಿ ಇನ್ನಷ್ಟು ಸೂಕ್ಷ್ಮವಾದುದು. 1800ರಲ್ಲಿ ನಿಜಾಮನಿಂದ ಕುಂಪಣಿಯವರಿಗೆ ಸೇರಿದ ಈ ಸೀಮೆ ಮದರಾಸು ಆಧಿಪತ್ಯದಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಧರ್ಮವರಂ ರಾಮಕೃಷ್ಣಾಚಾರ್ಯರ ತೆಲುಗು ನಾಟಕಗಳು ರಂಗವೇರಿದ ಊರಿನಲ್ಲಿಯೇ 1926ರಲ್ಲಿಯೂ 1938ರಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನಗಳು ನೆರೆದುವು. ರಾಜ್ಯದ ಗಡಿ ಊರುಗಳನ್ನು ವಿಂಗಡಿಸಿತಲ್ಲದೆ ಮನೆಗಳೊಳಗಿನ ಮಾತನ್ನು ವಿಂಗಡಿಸಲಿಲ್ಲ.

ತೆಲುಗು ಮನೆಮಾತಿನ ಬಾಲಕನು ‘ಅಕ್ಕ ಬಂದಿತು’ ಎಂದು ಬರೆದರೆ ತರಗತಿ ನಗುತ್ತದೆ. ನಗುವಂಥದೇನೂ ಅದರಲ್ಲಿಲ್ಲ. ತೆಲುಗಿನಲ್ಲಿ ಏಕವಚನದ ಸ್ತ್ರೀವಾಚಕಕ್ಕೆ ಬೇರೆ ಕ್ರಿಯಾರೂಪವಿಲ್ಲ. ‘ಆಮೆ ವಚ್ಚಿಂದಿ’ ಎಂಬಲ್ಲಿ ಹೆಂಗಸಿಗೂ ಹಸುವಿಗೂ ಒಂದೇ ಪ್ರತ್ಯಯ. ಬಹುವಚನದಲ್ಲಿಯಾದರೋ ಗಂಡಸರಿಗೂ ಹೆಂಗಸರಿಗೂ ಸಮಾನವಾದ ರೂಪವುಂಟು. ಆದುದರಿಂದ ಅದೇ ಬಾಲಕನು ‘ಅಕ್ಕಂದಿರು ಬಂದರು’ ಎಂದು ಸರಿಯಾಗಿಯೇ ಬರೆಯುವನೆಂದು ನಿರೀಕ್ಷಿಸಬಹುದು. ಒಂದೆಡೆ ತಪ್ಪಿ ಇನ್ನೊಂದೆಡೆ ತಪ್ಪದಿರುವ ಬರೆಹದಲ್ಲಿ ನಿಯಮವಿದೆ. ನಿಯಮವಿರುವೆಡೆ ಒಂದು ದಿನದ ಪಾಠದಿಂದ ತಿದ್ದಬಹುದು. ಪಟ್ಟಿಯಲ್ಲಿ ಇದಕ್ಕೆ ಎಡೆಯೇ ಇಲ್ಲ.

ಶಬ್ದಾರ್ಥಗಳಲ್ಲಿಯೂ ಹೀಗೆಯೇ. ‘ಅವಸರ’ವೆಂದರೆ ಕನ್ನಡಿಗನಿಗೆ ತ್ವರೆ, ತೆಲುಗನಿಗೆ ಅಗತ್ಯ. ‘ಆಲಸ್ಯ’ವೆಂದರೆ ಇವನಿಗೆ ಸೋಮಾರಿತನ, ಅವನಿಗೆ ತಡ. ‘ಬಂಡಿಯ ಆಲಸ್ಯದಿಂದ ಶಾಲೆಗೆ ಬರಲಾಗಲಿಲ್ಲ’ ಎಂಬ ವಾಕ್ಯದಲ್ಲಿ ಕಾಗುಣಿತವೂ ವಿಭಕ್ತಿಯೂ ನಿರ್ದುಷ್ಟವಾಗಿವೆ. ಸೋಮಾರಿಯಾದುದು ಬಂಡಿಯೇ ಎಂಬ ವಿನೋದ ಮಾತ್ರ ಮಿಗುತ್ತದೆ. ಸಂಸ್ಕೃತ ನಿಘಂಟನ್ನು ತೆರೆದು ನೋಡೆಂದರೆ ಗೊಂದಲ ಹೆಚ್ಚುವುದೂ ಉಂಟು; ಅಲ್ಲಿ ‘ಅವಸರ’ಕ್ಕೆ ಸಮಯ, ಸಂದರ್ಭ ಎಂಬ ಅರ್ಥ. ಎರಡು ಭಾಷೆಗಳನ್ನೂ ಬಲ್ಲ ಉಪಾಧ್ಯಾಯರು ಬಳ್ಳಾರಿಯಲ್ಲಿ ವಿರಳರಲ್ಲ. ಇಂಥ ಇಪ್ಪತ್ತು ಮೂವತ್ತು ಶಬ್ದಗಳನ್ನು ಅರ್ಥಭೇದಸಹಿತವಾಗಿ ಅವರು ಕೂಡಿಸಿಕೊಟ್ಟರೆ ಅದು ಕೈಪಿಡಿಯ ಪಟ್ಟಿಗಿಂತ ಹೆಚ್ಚು ಉಪಕಾರಿಯಾದೀತು.

ಇಷ್ಟರಿಂದ ಕಾಗುಣಿತವನ್ನು ಅಲಕ್ಷಿಸಬಹುದೆಂದು ಭಾವಿಸಬಾರದು. ಕಚೇರಿಗೂ ಮುದ್ರಣಕ್ಕೂ ಒಂದೇ ರೂಪ ಬೇಕು. ಬಡವರ ಮಗನಿಗೆ ಆ ರೂಪವನ್ನು ಕಲಿಸದಿರುವುದು ಅವನಿಗೆ ಮಾಡುವ ಅನ್ಯಾಯವೇ ಸರಿ. ಕವಿರಾಜಮಾರ್ಗಕಾರನು ಕನ್ನಡದ ತಿರುಳಿನ ಪ್ರದೇಶವನ್ನು ಗುರುತಿಸುವಾಗ ಬಳ್ಳಾರಿಗೆ ನೆರೆಯದಾದ ಕೊಪಣವನ್ನು ಹೆಸರಿಸಿದನು. ದೇಶಭೇದಗಳಿಗೆ ಕೊನೆಯಿಲ್ಲವೆಂಬುದನ್ನೂ ಒಪ್ಪಿದನು. ಹಾಗಿದ್ದೂ ದೋಷಗಳನ್ನು ವಿವರಿಸದೆ ಬಿಡಲಿಲ್ಲ. ಇಲ್ಲಿನ ಆಕ್ಷೇಪ ತಿದ್ದುವುದರ ಮೇಲಲ್ಲ, ತಿದ್ದುವ ಅನುಕ್ರಮದ ಮೇಲೆ. ಅಕ್ಷರಕ್ಕೆ ಹೆದರಿದ ವಿದ್ಯಾರ್ಥಿ ಸ್ವಂತ ವಾಕ್ಯವನ್ನು ಬಿಟ್ಟು ಬಾಯಿಪಾಠದ ಟಿಪ್ಪಣಿಯನ್ನು ಹಿಡಿಯುತ್ತಾನೆ. ಅಲ್ಲಿ ಕೆಂಪು ಗೆರೆ ಬೀಳದು.

ಆ ಟಿಪ್ಪಣಿಗಳ ಕನ್ನಡ ಎಂಥದೆಂಬುದಕ್ಕೆ ಕುರುಗೋಡನ್ನು ಕುರಿತು ಇಂಥದೊಂದು ವಾಕ್ಯವನ್ನು ಊಹಿಸಬಹುದು: ‘ಕುರುಗೋಡು ಐತಿಹಾಸಿಕ ಸ್ಥಳವಾಗಿದ್ದು, ಸಿಂದರು ಇಲ್ಲಿಂದ ಆಳಿದ್ದು, ದೊಡ್ಡಬಸವೇಶ್ವರನ ದೇವಾಲಯವು ಪ್ರಸಿದ್ಧವಾಗಿದ್ದು, ಭಕ್ತಾದಿಗಳು ಆಗಮಿಸುತ್ತಾರೆ.’ ಅಕ್ಷರದೋಷ ಒಂದೂ ಇಲ್ಲ. ಆದರೆ ‘ಎರಡು ದಿನ ಇದ್ದು ಹೋದನು’ ಎಂಬಲ್ಲಿ ಇದ್ದವನೂ ಹೋದವನೂ ಒಬ್ಬನೇ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃಗಳು ಬೇರೆಯಾದರೂ ಕಾರ್ಯಕಾರಣಸಂಬಂಧ ಉಂಟು. ಟಿಪ್ಪಣಿಯ ವಾಕ್ಯದಲ್ಲಿ ನಾಲ್ವರು ಕರ್ತೃಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ‘ದ್ದು’ ಎಂಬ ದಾರದಲ್ಲಿ ತೂಗಾಡುತ್ತಿದ್ದಾರೆ. ಅದೇ ಊರಿನ ಹುಡುಗಿಯೊಬ್ಬಳು ತನ್ನಷ್ಟಕ್ಕೆ ಬರೆದರೆ ಹೀಗೆ ಬರೆದಾಳು: ‘ನಮ್ಮೂರ ಬಸವಣ್ಣ ಬಾಳ ದೊಡ್ಡದು. ಎದ್ರಿಗೆ ನಿಂತ್ರೆ ಕತ್ತೆತ್ತಿ ನೋಡ್ಬೇಕು.’ ಇದರಲ್ಲಿ ತಿದ್ದಬೇಕಾದ ಶಬ್ದಗಳು ನಾಲ್ಕು: ಬಹಳ, ಎದುರಿಗೆ, ನಿಂತರೆ, ನೋಡಬೇಕು. ತಿದ್ದಿದ ಮೇಲೂ ವಾಕ್ಯ ಅವಳದಾಗಿಯೇ ನಿಲ್ಲುತ್ತದೆ. ಟಿಪ್ಪಣಿಯ ವಾಕ್ಯವನ್ನು ನಾಲ್ಕಾಗಿ ಒಡೆದು ನೋಡಿದರೆ, ಸಿಂದರು ಯಾರು, ಯಾವ ಕಾಲದವರು, ದೇವಾಲಯಕ್ಕೆ ಪ್ರಸಿದ್ಧಿ ಏತರಿಂದ ಬಂದಿತು ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರ ದೊರೆಯುವುದಿಲ್ಲ.